ಅಣ್ಣನ ಮನೆಯಾ, ಅಣ್ಣಂದಿರ ಮನೆಯಾ? ಇಂಗ್ಲಿಷಿನಲ್ಲಿ ಸಂಬಂಧಿಕರ ಪದಗಳಿಗೆ ಎಸ್ ಮತ್ತು ಅಪಾಸ್ಟ್ರಫಿ ಹಾಕುವ ಬಗೆ

ಯಾರೋ ನಿಮಗೆ ಬ್ರದರ್ಸ್ ಹೌಸ್ ಅಂತ ಹೇಳಿದರು ಅಂತಿಟ್ಟುಕೊಳ್ಳಿ. ಒಬ್ಬ ಅಣ್ಣನ ಮನೆಯಾ, ಮೂವರು ಅಣ್ಣಂದಿರು ಸೇರಿ ಇರುವ ಮನೆಯಾ? ಕಿವಿಗೆ ಗೊತ್ತಾಗುವುದಿಲ್ಲ. ಆದರೆ ಬರೆದಾಗ ಗೊತ್ತಾಗಲೇಬೇಕು, ಯಾಕೆಂದರೆ ಈ ಒಂದೇ ಸದ್ದನ್ನು ಇಂಗ್ಲಿಷಿನಲ್ಲಿ ಮೂರು ಥರ ಬರೆಯುತ್ತಾರೆ. ಸುಮ್ನೆ ಬ್ರದರ್ಸ್ ಅಂದರೆ ಅಣ್ಣಂದಿರು. ಬ್ರದರ್’ಸ್ ಅಂದರೆ ಅಣ್ಣನ. ಬ್ರದರ್ಸ್’ ಅಂದರೆ ಅಣ್ಣಂದಿರ. ಮೇಲೆ ತೂಗುವ ಆ ಪುಟ್ಟ ಕಾಮಾ ಇದೆಯಲ್ಲ, ಅದೇ ಅಪಾಸ್ಟ್ರಫಿ. ಅದು ಎಸ್‌ಗಿಂತ ಮೊದಲು ಬಂತಾ, ಎಸ್ ಆದ ಮೇಲೆ ಬಂತಾ ಅನ್ನುವುದರ ಮೇಲೆ ಮನೆಯಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದೇ ಬದಲಾಗುತ್ತದೆ.

ನಾನು ಬೇರೆಯವರ ಪತ್ರ, ಮೇಲ್ ತಿದ್ದಿಕೊಡುತ್ತಿರುತ್ತೇನೆ. ಒಂದು ಸಲ ರಜೆ ಕೇಳಿ ಬರೆದ ಮೇಲ್ ಒಂದು ಬಂತು. ಚೆನ್ನಾಗಿ ಬರೆದಿದ್ದರು, ಒಂದೇ ಒಂದು ಕಡೆ ಮೈ ಸಿಸ್ಟರ್ಸ್’ ವೆಡ್ಡಿಂಗ್ ಅಂತ ಎಸ್ ಆದ ಮೇಲೆ ಅಪಾಸ್ಟ್ರಫಿ ಹಾಕಿದ್ದರು. ಓದಿದವರಿಗೆ ಇಬ್ಬರೋ ಮೂವರೋ ಅಕ್ಕಂದಿರ ಮದುವೆ ಒಟ್ಟಿಗೆ ನಡೆಯುತ್ತಿದೆ ಅನ್ನಿಸುತ್ತದೆ. ಅವರಿಗೆ ಇದ್ದದ್ದು ಒಬ್ಬಳೇ ಅಕ್ಕ. ಆ ಚಿಹ್ನೆಯನ್ನು ಒಂದು ಅಕ್ಷರದಷ್ಟು ಎಡಕ್ಕೆ ಸರಿಸಿದೆ, ಸರಿಯಾಯಿತು. ಹತ್ತಾರು ವರ್ಷ ಇಂಗ್ಲಿಷ್ ಓದಿದವರೂ ಇಲ್ಲಿ ತಡವರಿಸುತ್ತಾರೆ, ಮತ್ತು ಅದು ಅವರ ತಪ್ಪಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ನಮಗೆ ಇದನ್ನು ಕನ್ನಡದ ಮೂಲಕ ಯಾರೂ ಹೇಳಿಕೊಡಲಿಲ್ಲ, ಅಷ್ಟೇ. ಕನ್ನಡ ಗೊತ್ತಿರುವವರಿಗೆ ಇದರ ಉತ್ತರ ಬಾಯಲ್ಲೇ ಇದೆ.

ಮೊದಲ ಹೆಜ್ಜೆ: ಕನ್ನಡದಲ್ಲಿ ಹೇಳಿಕೊಳ್ಳಿ

ಕನ್ನಡದಲ್ಲಿ ಸಂಬಂಧದ ಪದಗಳಿಗೆ ಬೇರೆಯದೇ ಬಹುವಚನ ಇದೆ. ಮರಗಳು, ಮನೆಗಳು ಅನ್ನುತ್ತೇವೆ, ಆದರೆ ಅಣ್ಣಗಳು ಅನ್ನುವುದಿಲ್ಲ. ಅಣ್ಣಂದಿರು, ಅಕ್ಕಂದಿರು, ಅತ್ತೆಯಂದಿರು, ತಂಗಿಯರು ಅನ್ನುತ್ತೇವೆ. ಅದಕ್ಕೆ ಷಷ್ಠಿ ವಿಭಕ್ತಿ ಸೇರಿಸಿದರೆ ಅಣ್ಣಂದಿರ, ಅಕ್ಕಂದಿರ, ತಂಗಿಯರ. ಒಬ್ಬರೇ ಆದರೆ ಅಣ್ಣನ, ಅಕ್ಕನ, ತಂಗಿಯ. ಇಲ್ಲಿ ಗಮನಿಸಿ, ಮೊದಲು ಬಹುವಚನದ ಪ್ರತ್ಯಯ ಬಂತು, ಅದರ ಬೆನ್ನಿಗೆ ವಿಭಕ್ತಿ ಬಂತು. ಇಂಗ್ಲಿಷಿನಲ್ಲೂ ಸರಿಯಾಗಿ ಇದೇ ಕ್ರಮ. ಮೊದಲು ಎಷ್ಟು ಜನ, ಆಮೇಲೆ ಯಾರದ್ದು.

ಹಾಗಾಗಿ ಪೆನ್ನು ಹಿಡಿದಾಗ ಮೊದಲು ಮನಸ್ಸಲ್ಲೇ ಕೇಳಿಕೊಳ್ಳಿ, ನಾನು ಹೇಳುತ್ತಿರುವುದು ಅಕ್ಕನ ಅಂತಲಾ, ಅಕ್ಕಂದಿರ ಅಂತಲಾ? ಅಕ್ಕನ ಅಂದರೆ ಸಿಸ್ಟರ್’ಸ್. ಅಕ್ಕಂದಿರ ಅಂದರೆ ಸಿಸ್ಟರ್ಸ್’. ಅಕ್ಕಂದಿರು ಅಂತ ನಿಂತುಬಿಟ್ಟರೆ, ಅಂದರೆ ಅವರದ್ದು ಅನ್ನುವಂಥದ್ದು ಏನೂ ಇಲ್ಲದಿದ್ದರೆ, ಸುಮ್ನೆ ಸಿಸ್ಟರ್ಸ್, ಅಪಾಸ್ಟ್ರಫಿ ಬೇಡವೇ ಬೇಡ. ಐ ಹ್ಯಾವ್ ಟೂ ಸಿಸ್ಟರ್ಸ್ ಅಂತ ಬರೆಯುವಾಗ ಅಲ್ಲಿ ಅಪಾಸ್ಟ್ರಫಿ ಹಾಕುವುದೇ ನಾನು ನೋಡಿದ ಅತಿ ಜಾಸ್ತಿ ತಪ್ಪು. ಎಸ್ ಕಂಡರೆ ಸಾಕು, ಕೈ ತಾನಾಗಿ ಆ ಚಿಹ್ನೆ ಹಾಕಿಬಿಡುತ್ತದೆ. ಫೋನಿನ ಆಟೋಕರೆಕ್ಟ್ ಕೂಡ ಒಮ್ಮೊಮ್ಮೆ ಕೇಳದೇ ಹಾಕುತ್ತದೆ. ಕಳಿಸುವ ಮೊದಲು ಒಂದು ಸಲ ನೋಡಿ.

ಎರಡನೇ ಹೆಜ್ಜೆ: ಬಹುವಚನವನ್ನು ಪೂರ್ತಿ ಮುಗಿಸಿ

ಒಬ್ಬರಿಗಿಂತ ಜಾಸ್ತಿ ಜನ ಅಂತಾದರೆ, ಅಪಾಸ್ಟ್ರಫಿಯ ಯೋಚನೆಯನ್ನೇ ಬಿಟ್ಟು ಮೊದಲು ಬಹುವಚನ ಬರೆಯಿರಿ. ಹೆಚ್ಚಿನ ಪದಗಳಿಗೆ ಎಸ್ ಸೇರಿಸಿದರೆ ಮುಗಿಯಿತು. ಸನ್ಸ್, ಡಾಟರ್ಸ್, ಅಂಕಲ್ಸ್, ಆಂಟ್ಸ್, ಕಸಿನ್ಸ್, ನೆಫ್ಯೂಸ್. ನೀಸ್ ಮತ್ತು ಸ್ಪೌಸ್ ಇವುಗಳ ಕೊನೆಗೆ ಇ ಅಕ್ಷರ ಆಗಲೇ ಇದೆ, ಅದಕ್ಕೂ ಬರೀ ಎಸ್ ಸಾಕು. ಉಚ್ಚಾರಣೆ ಮಾತ್ರ ಸ್ವಲ್ಪ ಉದ್ದವಾಗಿ ನೀಸಸ್, ಸ್ಪೌಸಸ್ ಅಂತಾಗುತ್ತದೆ.

ವೈ ಅಕ್ಷರದಿಂದ ಮುಗಿಯುವ ಪದ ಬಂದರೆ ಅದರ ಹಿಂದಿನ ಅಕ್ಷರ ನೋಡಿ. ಬೇಬಿ, ಫ್ಯಾಮಿಲಿ, ಡ್ಯಾಡಿ, ಗ್ರ್ಯಾನಿ ಇವುಗಳಲ್ಲಿ ವೈ ಹಿಂದೆ ವ್ಯಂಜನ ಇದೆ, ಹಾಗಾಗಿ ವೈ ಹೋಗಿ ಐ, ಇ, ಎಸ್ ಬರುತ್ತವೆ. ಬಾಯ್ ಪದದಲ್ಲಿ ವೈ ಹಿಂದೆ ಓ ಅನ್ನುವ ಸ್ವರ ಇದೆ, ಅಲ್ಲಿ ವೈ ಹಾಗೇ ಉಳಿದು ಎಸ್ ಸೇರುತ್ತದೆ. ಒಂದು ಮಾತು ನೆನಪಿಟ್ಟುಕೊಳ್ಳಿ, ವೈ ಬದಲಾಗುವುದು ಬಹುವಚನಕ್ಕೆ ಮಾತ್ರ. ಒಂದೇ ಮಗುವಿನ ತೊಟ್ಟಿಲು ಅಂದರೆ ಬೇಬಿ’ಸ್, ಅಲ್ಲಿ ವೈ ಹಾಗೇ ಇರುತ್ತದೆ, ಅದರ ಮುಂದೆ ಅಪಾಸ್ಟ್ರಫಿ, ಆಮೇಲೆ ಎಸ್. ಹಲವು ಕೂಸುಗಳ ಅಂದರೆ ವೈ ಹೋಗಿ ಬೇಬೀಸ್ ಆಗಿ, ಕೊನೆಯಲ್ಲಿ ಅಪಾಸ್ಟ್ರಫಿ.

ವೈಫ್ ಪದ ಇದಕ್ಕಿಂತ ಚೆನ್ನಾಗಿ ಈ ವ್ಯತ್ಯಾಸವನ್ನು ತೋರಿಸುತ್ತದೆ. ಬಹುವಚನದಲ್ಲಿ ಎಫ್ ಹೋಗಿ ವಿ ಬರುತ್ತದೆ, ವೈವ್ಸ್. ಹೆಂಡತಿಯ ಅನ್ನುವಾಗ ಎಫ್ ಎಲ್ಲೂ ಹೋಗುವುದಿಲ್ಲ, ವೈಫ್’ಸ್. ಇಲ್ಲಿ ಕಿವಿಯೂ ನಮ್ಮ ಜೊತೆಗಿದೆ. ವೈಫ್ಸ್ ಅಂತ ಕೇಳಿಸಿದರೆ ಒಬ್ಬಳ, ವೈವ್ಸ್ ಅಂತ ಕೇಳಿಸಿದರೆ ಹಲವರು ಅಥವಾ ಹಲವರ. ಹೌಸ್‌ವೈಫ್, ಮಿಡ್‌ವೈಫ್ ಪದಗಳೂ ಹೀಗೆಯೇ.

ಇನ್ನು ಎಸ್ ಸೇರಿಸಿಕೊಳ್ಳದ ಪದಗಳು. ಮ್ಯಾನ್ ಹೋಗಿ ಮೆನ್, ವುಮನ್ ಹೋಗಿ ವಿಮೆನ್, ಚೈಲ್ಡ್ ಹೋಗಿ ಚಿಲ್ಡ್ರನ್. ಗ್ರ್ಯಾಂಡ್‌ಚೈಲ್ಡ್, ಸ್ಟೆಪ್‌ಚೈಲ್ಡ್, ಗಾಡ್‌ಚೈಲ್ಡ್ ಇವೆಲ್ಲ ಚಿಲ್ಡ್ರನ್ ದಾರಿಯನ್ನೇ ಹಿಡಿಯುತ್ತವೆ. ನಮಗೂ ಇದು ಹೊಸದಲ್ಲ, ಮಗು ಅನ್ನುವುದಕ್ಕೆ ಮಗುಗಳು ಅನ್ನದೆ ಮಕ್ಕಳು ಅನ್ನುತ್ತೇವಲ್ಲ, ಹಾಗೇ. ಚಿಲ್ಡ್ರನ್ ಪದದ ಕತೆ ನನಗೆ ಬಹಳ ಇಷ್ಟ. ಹಳೆಯ ಇಂಗ್ಲಿಷಿನಲ್ಲಿ ಅದರ ಬಹುವಚನ ಆರ್ ಸದ್ದಿನಿಂದಲೇ ಆಗುತ್ತಿತ್ತು. ಆಮೇಲೆ ಜನ ಅದರ ಮೇಲೆ ಎನ್ ಸದ್ದಿನ ಇನ್ನೊಂದು ಬಹುವಚನ ಪ್ರತ್ಯಯ ಅಂಟಿಸಿದರು. ಅಂದರೆ ಚಿಲ್ಡ್ರನ್ ಒಳಗೆ ಆಗಲೇ ಎರಡು ಬಹುವಚನ ಇವೆ. ನಾವು ಮಾತಾಡುವಾಗ ಚಿಲ್ಡ್ರನ್ಸ್ ಬಂದರು ಅಂದರೆ ಮೂರನೆಯದನ್ನೂ ಸೇರಿಸಿದ ಹಾಗೆ. ಬ್ರದರ್ ಪದಕ್ಕೂ ಬ್ರೆದ್ರೆನ್ ಅನ್ನುವ ಹಳೆಯ ಬಹುವಚನ ಇದೆ, ಆದರೆ ಇವತ್ತು ಅದು ಧಾರ್ಮಿಕ ಸಂಘಗಳ ಮಾತಿನಲ್ಲಿ ಉಳಿದಿದೆ. ನಿಮ್ಮ ಅಣ್ಣತಮ್ಮಂದಿರಿಗೆ ಬ್ರದರ್ಸ್ ಸಾಕು.

ಕನ್ನಡ ಮಾತಿನಲ್ಲಿ ನಾವು ಬಳಸುವ ಇಂಗ್ಲಿಷ್ ಪದಗಳೂ ಸ್ವಲ್ಪ ದಾರಿ ತಪ್ಪಿಸುತ್ತವೆ. ಒಬ್ಬರು ಪೇರೆಂಟ್ಸ್ ಬಂದಿದ್ದರು, ಅವನು ನನ್ನ ಕಸಿನ್ಸ್ ಅಂತ ಸಲೀಸಾಗಿ ಹೇಳುತ್ತೇವೆ. ಕನ್ನಡದ ಒಳಗೆ ಅದು ನಡೆಯುತ್ತದೆ. ಇಂಗ್ಲಿಷ್ ಬರೆಯುವಾಗ ಒಬ್ಬರಾದರೆ ಪೇರೆಂಟ್, ಒಬ್ಬನಾದರೆ ಕಸಿನ್. ಕಸಿನ್ ಆದ ಮೇಲೆ ಬ್ರದರ್, ಸಿಸ್ಟರ್ ಅಂತ ಸೇರಿಸುವುದೂ ಬೇಡ.

ಮೂರನೇ ಹೆಜ್ಜೆ: ಕೊನೆಯ ಅಕ್ಷರ ನೋಡಿ

ಈಗ ನಿಮ್ಮ ಮುಂದೆ ಒಂದು ಪದ ತಯಾರಾಗಿದೆ, ಒಬ್ಬರದ್ದೋ ಹಲವರದ್ದೋ. ಅದರ ಕೊನೆಗೆ ಬಹುವಚನದ ಎಸ್ ಇದೆಯಾ? ಇದ್ದರೆ ಅದರ ಮುಂದೆ ಅಪಾಸ್ಟ್ರಫಿ ಇಟ್ಟು ಸುಮ್ಮನಾಗಿ. ಇಲ್ಲದಿದ್ದರೆ ಅಪಾಸ್ಟ್ರಫಿ ಇಟ್ಟು ಆಮೇಲೆ ಎಸ್ ಬರೆಯಿರಿ. ನಿಯಮ ಇಷ್ಟೇ.

ಪೇರೆಂಟ್ಸ್ ಎಸ್‌ನಿಂದ ಮುಗಿದಿದೆ, ಹಾಗಾಗಿ ಪೇರೆಂಟ್ಸ್’ ರೂಮ್. ಚಿಲ್ಡ್ರನ್ ಬಹುವಚನವೇ ಆದರೂ ಕೊನೆಗೆ ಎಸ್ ಇಲ್ಲ, ಹಾಗಾಗಿ ಚಿಲ್ಡ್ರನ್’ಸ್ ರೂಮ್. ಇಲ್ಲಿ ಎಸ್ ಬಂದದ್ದು ಮಕ್ಕಳ ಅನ್ನುವುದಕ್ಕೆ, ಮಕ್ಕಳು ಅನ್ನುವುದಕ್ಕಲ್ಲ. ಎಸ್ ಆದ ಮೇಲೆ ಅಪಾಸ್ಟ್ರಫಿ ಹಾಕಿದ ಚಿಲ್ಡ್ರನ್ಸ್’ ಅನ್ನುವುದನ್ನು ಬೋರ್ಡುಗಳ ಮೇಲೂ ಕಾಣುತ್ತೀರಿ. ಅದು ತಪ್ಪು, ಯಾವತ್ತೂ ತಪ್ಪು, ಯಾಕೆಂದರೆ ಚಿಲ್ಡ್ರನ್ಸ್ ಅನ್ನುವ ಬಹುವಚನವೇ ಇಲ್ಲ. ಮೆನ್’ಸ್, ವಿಮೆನ್’ಸ್ ಕೂಡ ಹೀಗೇ.

ಅಷ್ಟಕ್ಕೂ ಈ ಅಪಾಸ್ಟ್ರಫಿ ಯಾಕೆ ಅಂತ ಕೇಳಬಹುದು. ಹಳೆಯ ಇಂಗ್ಲಿಷಿನಲ್ಲಿ ನಮ್ಮ ಹಾಗೆ ವಿಭಕ್ತಿಗಳಿದ್ದವು, ಅನೇಕ ಪದಗಳಿಗೆ ಷಷ್ಠಿಯ ಪ್ರತ್ಯಯ ಇ ಮತ್ತು ಎಸ್ ಸೇರಿದ್ದಾಗಿತ್ತು. ಕಾಲ ಕಳೆದ ಹಾಗೆ ಆ ಇ ಸದ್ದು ಮಾಯವಾಯಿತು. ಏನೋ ಬಿಟ್ಟುಹೋಗಿದೆ ಅಂತ ತೋರಿಸುವ ಚಿಹ್ನೆ ಅದರ ಜಾಗದಲ್ಲಿ ಕೂತಿತು. ಇಂಗ್ಲಿಷಿನ ವಿಭಕ್ತಿಗಳೆಲ್ಲ ಹೆಚ್ಚುಕಮ್ಮಿ ಉದುರಿಹೋಗಿ ನಾಮಪದಗಳಲ್ಲಿ ಇದೊಂದೇ ಉಳಿದಿದೆ. ಅದಕ್ಕೇ ಕನ್ನಡದವರಿಗೆ ಇದು ಅಪರಿಚಿತ ಅನ್ನಿಸಬಾರದು ಅಂತ ನಾನು ಹೇಳುವುದು.

ಇನ್-ಲಾ ಪದಗಳು

ಅತ್ತೆ, ಮಾವ, ಅಳಿಯ, ಸೊಸೆ, ಭಾವ, ನಾದಿನಿ ಎಲ್ಲರೂ ಇಂಗ್ಲಿಷಿನಲ್ಲಿ ಇನ್-ಲಾ ಬಾಲದ ಪದಗಳಲ್ಲಿ ಬರುತ್ತಾರೆ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಬಹುವಚನದ ಎಸ್ ಒಂದು ಕಡೆ ಕೂರುತ್ತದೆ, ಷಷ್ಠಿಯ ಎಸ್ ಇನ್ನೊಂದು ಕಡೆ.

ಹಲವರು ಅಂತ ಹೇಳುವಾಗ ಮುಖ್ಯವಾದ ಪದಕ್ಕೆ ಎಸ್. ಇಬ್ಬರು ಅಳಿಯಂದಿರು ಅಂದರೆ ಟೂ ಸನ್ಸ್-ಇನ್-ಲಾ. ಹೆಚ್ಚಾಗಿರುವುದು ಸನ್, ಲಾ ಅಲ್ಲ. ಯಾರದ್ದು ಅಂತ ಹೇಳುವಾಗ ಮಾತ್ರ ಇಡೀ ಪದವನ್ನು ಒಂದೇ ಗಂಟು ಅಂತ ತಿಳಿದು ಕೊನೆಗೆ ಅಂಟಿಸುತ್ತಾರೆ. ಅಳಿಯನ ಕೆಲಸ ಅಂದರೆ ಸನ್-ಇನ್-ಲಾ’ಸ್ ಜಾಬ್. ಹಾಗಾದರೆ ಅಳಿಯಂದಿರ ಕೆಲಸಗಳು? ಎರಡೂ ಒಟ್ಟಿಗೆ ಬರಬೇಕು, ಸನ್ಸ್-ಇನ್-ಲಾ’ಸ್ ಜಾಬ್ಸ್. ವ್ಯಾಕರಣದ ಪ್ರಕಾರ ಇದು ಸರಿ. ಆದರೆ ಓದುವಾಗ ನಾಲಿಗೆ ತೊಡರುತ್ತದೆ, ಹಾಗಾಗಿ ನಾನಾದರೆ ಆಫ್ ಹಾಕಿ ದ ಜಾಬ್ಸ್ ಆಫ್ ಮೈ ಸನ್ಸ್-ಇನ್-ಲಾ ಅಂತ ಬರೆಯುತ್ತೇನೆ. ಹೆಂಡತಿಯ ಅಥವಾ ಗಂಡನ ಕಡೆಯವರನ್ನೆಲ್ಲ ಒಟ್ಟಿಗೆ ಇನ್-ಲಾಸ್ ಅನ್ನುವುದು ಆಡುಮಾತಿನಲ್ಲಿ ಇದೆ. ಅಲ್ಲಿ ಬೇರೆ ಮುಖ್ಯ ಪದ ಇಲ್ಲದ್ದರಿಂದ ಎಸ್ ಕೊನೆಗೇ ಬರುತ್ತದೆ, ಅವರ ಮನೆ ಅಂದರೆ ಇನ್-ಲಾಸ್’ ಹೌಸ್.

ಮದರ್-ಟು-ಬಿ ಅನ್ನುವುದೂ ಇದೇ ಜಾತಿ, ಬಹುವಚನ ಮದರ್ಸ್-ಟು-ಬಿ. ಗ್ರೇಟ್-ಗ್ರ್ಯಾಂಡ್‌ಫಾದರ್, ಸ್ಟೆಪ್‌ಮದರ್, ಹಾಫ್-ಬ್ರದರ್ ಇವುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ, ಮುಖ್ಯ ಪದ ಕೊನೆಯಲ್ಲೇ ಇದೆ, ಎಸ್ ಅಲ್ಲೇ ಬೀಳುತ್ತದೆ.

ಕನ್ನಡ ಕೈಕೊಡುವ ಮೂರು ಜಾಗ

ಕನ್ನಡದಲ್ಲಿ ಹೇಳಿಕೊಳ್ಳಿ ಅಂದೆ, ಆದರೆ ಕೆಲವು ಕಡೆ ಹುಷಾರಾಗಿರಬೇಕು. ಮೊದಲನೆಯದು ಗೌರವ. ನಮ್ಮ ತಂದೆಯವರ ಕಾರು ಅಂತ ಬಹುವಚನದಲ್ಲಿ ಹೇಳುತ್ತೇವೆ. ಅದು ಮರ್ಯಾದೆಯ ಬಹುವಚನ, ಎಣಿಕೆಯದ್ದಲ್ಲ. ಇಂಗ್ಲಿಷಿನಲ್ಲಿ ಮರ್ಯಾದೆಗೆ ಎಸ್ ಸೇರಿಸುವ ಪದ್ಧತಿ ಇಲ್ಲ, ಹಾಗಾಗಿ ಫಾದರ್’ಸ್ ಕಾರ್. ಎಸ್ ಆದ ಮೇಲೆ ಅಪಾಸ್ಟ್ರಫಿ ಹಾಕಿದರೆ ಹಲವು ತಂದೆಯರಾಗಿಬಿಡುತ್ತಾರೆ.

ಎರಡನೆಯದು ನಮ್ಮ ಅನ್ನುವ ಪದ. ಒಬ್ಬರೇ ಮಾತಾಡುವಾಗಲೂ ನಮ್ಮಪ್ಪ, ನಮ್ಮಮ್ಮ, ನಮ್ಮಣ್ಣ ಅನ್ನುವುದು ನಮಗೆ ಸಹಜ. ಇಂಗ್ಲಿಷಿನಲ್ಲಿ ಅವರ್ ಮದರ್ ಅಂದರೆ ಪಕ್ಕದಲ್ಲಿ ಅಕ್ಕನೋ ತಮ್ಮನೋ ಇದ್ದು ಇಬ್ಬರ ಪರವಾಗಿ ಮಾತಾಡಿದ ಹಾಗಿರುತ್ತದೆ. ನಿಮ್ಮೊಬ್ಬರ ಮಾತಾದರೆ ಮೈ ಮದರ್ ಅನ್ನಿ.

ಮೂರನೆಯದು ತಂದೆತಾಯಿ. ತಂದೆತಾಯಿಯ ಮನೆ ಅನ್ನುವಾಗ ಕನ್ನಡದಲ್ಲಿ ಏಕವಚನದ ರೂಪವೇ ಕೇಳಿಸುತ್ತದೆ, ಹಾಗಾಗಿ ಪೇರೆಂಟ್’ಸ್ ಅಂತ ಬರೆಯುವವರು ತುಂಬಾ ಜನ. ಇಬ್ಬರೂ ಇದ್ದಾರೆ ಅಂದಮೇಲೆ ಪೇರೆಂಟ್ಸ್’ ಹೌಸ್ ಆಗಬೇಕು.

ಅಪ್ಪ ಅಮ್ಮ ಇಬ್ಬರದ್ದೂ

ಇಲ್ಲಿ ಮತ್ತೆ ಕನ್ನಡ ಮತ್ತು ಇಂಗ್ಲಿಷ್ ಕೈಕೈ ಹಿಡಿದು ನಡೆಯುತ್ತವೆ. ಅಪ್ಪ ಅಮ್ಮನ ಮನೆ ಅಂದಾಗ ಪ್ರತ್ಯಯ ಕೊನೆಯವರಿಗೆ ಮಾತ್ರ ಬಂತು, ಯಾಕೆಂದರೆ ಮನೆ ಇಬ್ಬರಿಗೂ ಸೇರಿದ್ದು. ಮಾಮ್ ಆಂಡ್ ಡ್ಯಾಡ್’ಸ್ ಹೌಸ್, ಅದೇ ಲೆಕ್ಕ. ಅಪ್ಪನ ಫೋನ್ ಬೇರೆ, ಅಮ್ಮನ ಫೋನ್ ಬೇರೆ ಅಂತಾದರೆ ಇಬ್ಬರಿಗೂ ಹಾಕಿ, ಮಾಮ್’ಸ್ ಆಂಡ್ ಡ್ಯಾಡ್’ಸ್ ಫೋನ್ಸ್.

ಸರಪಳಿ ಕಟ್ಟುವಾಗಲೂ ಭಯ ಬೇಡ. ಅಣ್ಣನ ಹೆಂಡತಿಯ ತಮ್ಮ ಅಂದರೆ ಮೈ ಬ್ರದರ್’ಸ್ ವೈಫ್’ಸ್ ಬ್ರದರ್, ಕನ್ನಡದ ಕ್ರಮವೇ ಹಾಗ್ಹಾಗೇ ಬರುತ್ತದೆ. ಪ್ರತಿ ಕೊಂಡಿಯಲ್ಲೂ ನಿಂತು ಒಬ್ಬರಾ ಹಲವರಾ ಅಂತ ಕೇಳಿಕೊಂಡರೆ ಸಾಕು.

ಅಪ್ಪನ ಫೋಟೋ

ಇದನ್ನು ಬಿಡುವುದಕ್ಕೆ ಮನಸ್ಸಾಗುವುದಿಲ್ಲ. ಅಪ್ಪನ ಫೋಟೋ ಅಂದರೆ ಅಪ್ಪ ಇರುವ ಫೋಟೋನಾ, ಅಪ್ಪನ ಹತ್ತಿರ ಇರುವ ಫೋಟೋನಾ? ಕನ್ನಡದಲ್ಲಿ ಎರಡೂ ಆಗಬಹುದು. ಮೈ ಫಾದರ್’ಸ್ ಫೋಟೋ ಅಂದರೂ ಎರಡೂ ಆಗಬಹುದು. ಆದರೆ ಇಂಗ್ಲಿಷಿನಲ್ಲಿ ಇದನ್ನು ಬಿಡಿಸಿ ಹೇಳಲು ದಾರಿ ಇದೆ. ಅ ಫೋಟೋ ಆಫ್ ಮೈ ಫಾದರ್ ಅಂದರೆ ಚಿತ್ರದಲ್ಲಿರುವುದು ಅಪ್ಪ. ಅ ಫೋಟೋ ಆಫ್ ಮೈ ಫಾದರ್’ಸ್ ಅಂದರೆ ಅಪ್ಪನಿಗೆ ಸೇರಿದ, ಅಥವಾ ಅಪ್ಪ ತೆಗೆದ ಒಂದು ಫೋಟೋ, ಅದರಲ್ಲಿ ಯಾರು ಬೇಕಾದರೂ ಇರಬಹುದು. ಒಂದು ಚಿಹ್ನೆ, ಒಂದು ಎಸ್, ಅಷ್ಟರಲ್ಲೇ ಫೋಟೋದೊಳಗಿನ ಮನುಷ್ಯ ಬದಲಾಗುತ್ತಾನೆ. ಅಪ್ಪನ ಸ್ನೇಹಿತರೊಬ್ಬರು ಅನ್ನುವಾಗಲೂ ಅ ಫ್ರೆಂಡ್ ಆಫ್ ಮೈ ಫಾದರ್’ಸ್ ಅನ್ನುವುದು ಪೂರ್ತಿ ಸರಿಯಾದ ಇಂಗ್ಲಿಷ್.

ಒನ್ ಆಫ್ ಅಂತ ಶುರುವಾದರೆ ಮುಂದಿನ ಪದ ಬಹುವಚನವೇ ಆಗಬೇಕು, ಒನ್ ಆಫ್ ಮೈ ಬ್ರದರ್ಸ್. ನನ್ನ ಅಣ್ಣಂದಿರಲ್ಲಿ ಒಬ್ಬ ಅಂತ ನಾವೂ ಅಣ್ಣಂದಿರು ಅಂತಲೇ ಹೇಳುವುದಲ್ವಾ. ಅಪಾಸ್ಟ್ರಫಿ ಅಲ್ಲಿ ಬೇಡ.

ಹೆಸರು, ಮನೆತನದ ಹೆಸರು

ಮನೆತನದ ಹೆಸರಿಗೆ ಬಹುವಚನ ಮಾಡುವಾಗ ಹೆಸರಿನ ಅಕ್ಷರ ಮುಟ್ಟುವುದಿಲ್ಲ. ಸ್ಮಿತ್ ಮನೆಯವರು ದ ಸ್ಮಿತ್ಸ್, ಜೋನ್ಸ್ ಮನೆಯವರು ದ ಜೋನ್ಸಸ್, ಕೆನಡಿ ಮನೆಯವರು ದ ಕೆನಡೀಸ್. ಕೆನಡಿ ವೈ ಅಕ್ಷರದಿಂದ ಮುಗಿದರೂ ಆ ವೈ ಹಾಗೇ ಉಳಿದು ಬರೀ ಎಸ್ ಸೇರುತ್ತದೆ, ಬೇಬಿಯ ನಿಯಮ ಇಲ್ಲಿಗೆ ಬರುವುದಿಲ್ಲ. ಶುಭಾಶಯದ ಕಾರ್ಡಿನ ಕೆಳಗೆ ಮನೆಯವರೆಲ್ಲರ ಪರವಾಗಿ ಸಹಿ ಹಾಕುವಾಗ ಫ್ರಮ್ ದ ಸ್ಮಿತ್ಸ್ ಅಂತ ಬರೆಯಬೇಕು, ಅಪಾಸ್ಟ್ರಫಿ ಇಲ್ಲದೆ. ಜೇಮ್ಸ್ ಥರ ಎಸ್‌ನಿಂದ ಮುಗಿಯುವ ಒಬ್ಬರ ಹೆಸರಿಗೆ ಅಪಾಸ್ಟ್ರಫಿ ಮತ್ತು ಎಸ್ ಎರಡೂ ಹಾಕುವವರಿದ್ದಾರೆ, ಬರೀ ಅಪಾಸ್ಟ್ರಫಿ ಹಾಕುವವರೂ ಇದ್ದಾರೆ. ಎರಡೂ ನಡೆಯುತ್ತದೆ, ಒಂದು ಪತ್ರದಲ್ಲಿ ಒಂದೇ ಥರ ಇರಲಿ.

ಹಿಸ್, ಹರ್ಸ್, ಅವರ್ಸ್, ಯುವರ್ಸ್, ದೇರ್ಸ್ ಇವುಗಳಿಗೆ ಅಪಾಸ್ಟ್ರಫಿ ಇಲ್ಲ. ಮತ್ತೆ, ಬ್ರದರ್’ಸ್ ಹಿಯರ್ ಅಂತ ಕಂಡರೆ ಅದು ಅಣ್ಣನ ಅಂತಲ್ಲ, ಬ್ರದರ್ ಈಸ್ ಅನ್ನುವುದರ ಸಂಕ್ಷೇಪ. ಮುಂದೆ ಯಾವ ವಸ್ತುವಿನ ಹೆಸರೂ ಇಲ್ಲದ್ದರಿಂದ ಗೊತ್ತಾಗಿಬಿಡುತ್ತದೆ.

ಮದರ್’ಸ್ ಡೇ

ಲೋಕದ ತಾಯಂದಿರೆಲ್ಲರ ದಿನ ಅಂದಮೇಲೆ ಎಸ್ ಆದ ಮೇಲೆ ಅಪಾಸ್ಟ್ರಫಿ ಬರಬೇಕಲ್ವಾ ಅಂತ ಕೇಳುವವರು ಇದ್ದಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಅಮೆರಿಕದಲ್ಲಿ 1908ರಲ್ಲಿ ಈ ಆಚರಣೆ ಶುರುವಾಗಲು ಕಾರಣರಾದ ಆನಾ ಜಾರ್ವಿಸ್ ಅವರು ಏಕವಚನವೇ ಇರಬೇಕು ಅಂತ ಪಟ್ಟುಹಿಡಿದರು. ಪ್ರತಿ ಮನೆಯವರೂ ತಮ್ಮ ತಮ್ಮ ತಾಯಿಯನ್ನು ನೆನೆಯುವ ದಿನ ಅದು, ಎಲ್ಲ ತಾಯಂದಿರ ಗುಂಪಿನ ದಿನ ಅಲ್ಲ ಅನ್ನುವುದು ಅವರ ಯೋಚನೆ. 1914ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಅದನ್ನು ರಾಷ್ಟ್ರೀಯ ಆಚರಣೆಯಾಗಿ ಘೋಷಿಸಿದರು. ಇವತ್ತಿಗೂ ಮದರ್’ಸ್ ಡೇ ಅಂತಲೇ ಬರೆಯುತ್ತಾರೆ, ಫಾದರ್’ಸ್ ಡೇ ಕೂಡ ಅದೇ ದಾರಿ ಹಿಡಿಯಿತು. ತಾಯಿಯ ದಿನ, ತಾಯಂದಿರ ದಿನ. ಕನ್ನಡದಲ್ಲಿ ಓದಿದರೆ ಅವರು ಏನು ಹೇಳಲು ಹೊರಟಿದ್ದರು ಅಂತ ತಕ್ಷಣ ಹೊಳೆಯುತ್ತದೆ.

ಕೈ ಕೂರಿಸಲು ನಾಲ್ಕು ಸಾಲು

ಉತ್ತರ ನೋಡುವ ಮೊದಲು ಒಂದು ಕಾಗದದ ಮೇಲೆ ಬರೆದು ನೋಡಿ. ಸೊಸೆಯ ಪುಸ್ತಕ. ಇಬ್ಬರು ಚಿಕ್ಕಮ್ಮಂದಿರ ಫೋನ್ ನಂಬರ್. ಅಣ್ಣಂದಿರ ಹೆಂಡತಿಯರ ಹೆಸರುಗಳು. ಅವಳಿಗಳ ಹುಟ್ಟುಹಬ್ಬ.

ಮೊದಲನೆಯದು ಮೈ ಡಾಟರ್-ಇನ್-ಲಾ’ಸ್ ಬುಕ್, ಒಬ್ಬಳೇ ಸೊಸೆ, ಅಪಾಸ್ಟ್ರಫಿ ಮತ್ತು ಎಸ್ ಕೊನೆಯಲ್ಲಿ. ಎರಡನೆಯದು ಮೈ ಆಂಟ್ಸ್’ ಫೋನ್ ನಂಬರ್ಸ್. ಮೂರನೆಯದರಲ್ಲಿ ಎರಡು ಕೊಂಡಿ ಇವೆ, ಎರಡೂ ಬಹುವಚನ, ಎರಡರ ಕೊನೆಗೂ ಎಸ್ ಇದೆ, ಹಾಗಾಗಿ ಮೈ ಬ್ರದರ್ಸ್’ ವೈವ್ಸ್’ ನೇಮ್ಸ್. ನಾಲ್ಕನೆಯದರಲ್ಲಿ ಹುಟ್ಟುಹಬ್ಬ ಒಂದೇ ಅಂತ ಕೆಲವರು ಟ್ವಿನ್’ಸ್ ಅಂತ ಬರೆಯುತ್ತಾರೆ. ಎಣಿಸಬೇಕಾದ್ದು ಹುಟ್ಟುಹಬ್ಬವನ್ನಲ್ಲ, ಅದು ಎಷ್ಟು ಜನರದ್ದು ಅನ್ನುವುದನ್ನು. ಜನ ಇಬ್ಬರು, ಹಾಗಾಗಿ ದ ಟ್ವಿನ್ಸ್’ ಬರ್ತ್‌ಡೇ.